ಗೇಟಿನಿಂದ ಕಾಣುವ ವರ್ಬು, ಕಾಣದ ವರ್ಬು

ಹೋದ ವಾರ ಅಶ್ವಿನಿ ಫೋನ್ ಮಾಡಿದ್ದಳು. ನಾನು ಮೊಟ್ಟಮೊದಲು ಕೆಲಸಕ್ಕೆ ಸೇರಿದ ಬೈಂದೂರು ಕಡೆಯ ಹೈಸ್ಕೂಲಿಗೆ ಈ ವರ್ಷ ಇಂಗ್ಲಿಷ್ ಟೀಚರಾಗಿ ಬಂದ ಹುಡುಗಿ. ಶಿವಮೊಗ್ಗ ಕಡೆಯವಳು. ನಮ್ಮ ಮಕ್ಕಳ ಮಾತು ಅವಳಿಗೆ ಇನ್ನೂ ಅರ್ಧಂಬರ್ಧ.

"ಮೇಡಂ, ಆ್ಯಕ್ಷನ್ ವರ್ಬ್, ಸ್ಟೇಟ್ ವರ್ಬ್ ಪಾಠಕ್ಕೆ ಒಂದು ವಿಡಿಯೋ ಕೊಟ್ಟಿದ್ದಾರೆ. ಮಕ್ಕಳು ನೋಡ್ತಾರೆ, ನಗ್ತಾರೆ, ಆಮೇಲೆ 'ಐ ಆಮ್ ನೋಯಿಂಗ್ ದಿ ಆನ್ಸರ್' ಅಂತ ಬರೀತಾರೆ. ನೀವು ಹೇಗೆ ಮಾಡ್ತಿದ್ರಿ?"

ನಿವೃತ್ತಿಯಾದ ಮೇಲೆ ಜನ ನನ್ನನ್ನು ಕೇಳುವುದು ಎರಡೇ ಸಂಗತಿ. ಪೆನ್ಶನ್ ಸರಿಯಾಗಿ ಬರುತ್ತದಾ, ಮಂಡಿನೋವು ಹೇಗಿದೆ. ಪಾಠ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದವಳು ಇವಳೊಬ್ಬಳೇ. ಕೇಳಿದ್ದೇ ತಡ, ಹೇಳಲಿಕ್ಕಿರುವುದು ಒಂದು ಫೋನಿನಲ್ಲಿ ಮುಗಿಯುವಷ್ಟಲ್ಲ ಅನ್ನಿಸಿತು. ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಅವಳಿಗೆ ಹೇಳಬೇಕಾದ್ದನ್ನು ಈಗ ಬರೆಯುತ್ತಿದ್ದೇನೆ. ಅವಳಂತೆ ಹೊಸದಾಗಿ ಸೇರಿದವರು ಬೇಕಾದರೆ ಓದಿಕೊಳ್ಳಲಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಯಾವಾಗ ಹೆಡ್‌ಮಿಸ್ ಆದೆ, ಯಾರು ಶಾಲು ಹೊದೆಸಿದರು ಎಂಬುದೆಲ್ಲ ಇದರಲ್ಲಿಲ್ಲ. ಹೆಡ್‌ಮಿಸ್ ಆದ ಮೇಲೆ ನನ್ನ ಕೈಗೆ ಬಂದದ್ದು ಒಂದು ಬೀಗದ ಕೈ ಗೊಂಚಲು, ಕೈ ಬಿಟ್ಟು ಹೋದದ್ದು ಎಂಟನೇ ಕ್ಲಾಸು. ಆ ವ್ಯಾಪಾರದಲ್ಲಿ ನಷ್ಟ ನನಗೇ. ನಾನು ಬರೆಯುವುದು ಈ ವರ್ಬ್ ಪಾಠದ ಬಗ್ಗೆ, ಮತ್ತೆ ಅದರ ಅರ್ಧ ಮಾತ್ರ ಕೇಳಿಸಿಕೊಂಡು ಎದ್ದುಹೋದ ಒಬ್ಬ ಹುಡುಗನ ಬಗ್ಗೆ. ಅವನು ವಾಪಸು ಬಂದು ಬೆಂಚಿನ ಮೇಲೆ ಕೂತು ಉಳಿದರ್ಧ ಕೇಳಬೇಕು ಎಂಬುದು ನನ್ನ ಇಡೀ ನೌಕರಿಯಲ್ಲಿ ನನಗಿದ್ದ ಒಂದೇ ಹಟ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬ್ರಹ್ಮಾವರದಲ್ಲಿ ಹುಟ್ಟಿ ಬೆಳೆದ ನಾನು ಬೈಂದೂರು ಪಕ್ಕದ ಯಡ್ತರೆಯಲ್ಲಿ ಬಾಡಿಗೆ ಕೋಣೆ ಹಿಡಿದು ಕೆಲಸಕ್ಕೆ ಸೇರಿದಾಗ ವ್ಯಾಕರಣವೆಂದರೆ ಬಾಯಿಪಾಠ. ಗೈಡಿನಲ್ಲಿ ಸ್ಟೇಟ್ ವರ್ಬುಗಳ ಉದ್ದನೆಯ ಪಟ್ಟಿ ಇರುತ್ತಿತ್ತು. ನೋ, ವಾಂಟ್, ಲೈಕ್, ಬಿಲೀವ್, ಬಿಲಾಂಗ್. ಇವಕ್ಕೆ 'ಇಂಗ್' ಹಚ್ಚಬಾರದು, ಮುಗಿಯಿತು. ಮಕ್ಕಳು ಅದನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರು. ಹೇಳಿ ಮುಗಿಸಿದ ಉಸಿರಿನಲ್ಲೇ "ಟೀಚರ್, ಐ ಆಮ್ ವಾಂಟಿಂಗ್ ಚಾಕ್‌ಪೀಸ್" ಎಂದು ಕೈ ಚಾಚುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೈದೆ, ನಿಲ್ಲಿಸಿದೆ, ಹತ್ತು ಸಲ ಬರೆಸಿದೆ. ಬರೆದದ್ದೂ ತಪ್ಪಾಗಿಯೇ ಬಂತು.

ಒಂದು ದಿನ ತಲೆಕೆಟ್ಟು ಇಡೀ ಕ್ಲಾಸನ್ನು ಹೊರಗೆ ಅಂಗಳಕ್ಕೆ ಎಬ್ಬಿಸಿಕೊಂಡು ಬಂದೆ. ಗೇಟಿನ ಹತ್ತಿರ ಸ್ಟೂಲ್ ಹಾಕಿಕೊಂಡು ನಮ್ಮ ಪ್ಯೂನ್ ಶೀನಣ್ಣ ಕೂತಿದ್ದರು. ಗಂಟೆ ಹೊಡೆಯುವುದು ಬಿಟ್ಟರೆ ಉಳಿದೆಲ್ಲ ಕೆಲಸವೂ ತನಗೆ ಮಾಡಿದ ಅನ್ಯಾಯ ಎಂದು ತಿಳಿದಿದ್ದ ಮನುಷ್ಯ.

"ಶೀನಣ್ಣ, ಈ ಮಕ್ಳ್ ಎಂತ ಮಾಡ್ತೊ ಅಂದೇಳಿ ಅಲ್ಲಿಂದ್ಲೇ ಹೇಳಿ ಕಾಂಬ."

"ನಂಗೆ ಇಂಗ್ಲಿಷ್ ಬತ್ತಿಲ್ಲ ಮಾರಾಯ್ರೆ."

"ಕನ್ನಡದಗೇ ಹೇಳಿ."

ಒಬ್ಬನ ಕಿವಿಯಲ್ಲಿ 'ಜಂಪ್' ಎಂದೆ. ಅವನು ಕುಪ್ಪಳಿಸಿದ. ಶೀನಣ್ಣ ಕೂತಲ್ಲಿಂದಲೇ, "ಹಾರ್ತಾ ಇತ್" ಎಂದರು. ಇನ್ನೊಬ್ಬಳಿಗೆ 'ಸ್ವೀಪ್' ಎಂದೆ. "ಗುಡಿಸ್ತಾ ಇತ್. ಹಂಗೇ ಆ ಮೂಲಿಯನ್ನೂ ಗುಡ್ಸುಕೆ ಹೇಳಿ." ಆಮೇಲೆ ಒಂದು ಹುಡುಗಿಗೆ 'ನೋ' ಎಂದೆ, ತಿಳಿದಿರುವುದು ಎಂಬ ಅರ್ಥದ ನೋ. ಪಾಪ, ಅದು ಎಂತ ಮಾಡಬೇಕು? ಕೈಕಟ್ಟಿ ನಿಂತಿತು. ಶೀನಣ್ಣ ಕಣ್ಣು ಕಿರಿದು ಮಾಡಿ ನೋಡಿದರು.

"ಎಂತ ಮಾಡ್ತಿಲ್ಲ. ಸುಮ್ನೆ ನಿತ್ಕಂಡಿತ್."

'ಥಿಂಕ್' ಎಂದು ಹೇಳಿಸಿಕೊಂಡವನು ಹಣೆಗೆ ಕೈಯಿಟ್ಟುಕೊಂಡ. "ತಲಿನೋವಾ ಕಾಣತ್ತ್. ಮನಿಗ್ ಕಳ್ಸಿ" ಎಂಬ ತೀರ್ಪು ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ನಿಂತಾಗ ಪಾಠ ಅರ್ಥವಾಗಿತ್ತು. ಗೇಟಿನಿಂದ ಶೀನಣ್ಣನಿಗೆ ಕಂಡರೆ ಅದು ಮಾಡುವ ವರ್ಬು, 'ಇಂಗ್' ಹಚ್ಚಬಹುದು. ಶೀನಣ್ಣನಿಗೆ ಬರೀ ಸುಮ್ಮನೆ ನಿಂತ ಹಾಗೆ ಕಂಡರೆ ಅದು 'ಇಪ್ಪ' ವರ್ಬು, ಒಳಗೆ ಇರುವಂಥದ್ದು, ಅದಕ್ಕೆ ಹಚ್ಚಬೇಡಿ. ಮಾರನೇ ದಿನದಿಂದ ಅದು ಶಾಲೆಯಿಡೀ 'ಶೀನಣ್ಣನ ಟೆಸ್ಟ್' ಎಂದೇ ಹೆಸರಾಯಿತು.

ಅಶ್ವಿನಿ, ಈ ಟೆಸ್ಟ್ ಎಲ್ಲ ಕಡೆ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. 'ಹ್ಯಾವ್' ಎಂಬುದು ಬಲು ಕಿಲಾಡಿ. ನನ್ನ ಹತ್ತಿರ ಒಂದು ದನ ಇದೆ ಎಂದರೆ ಅದು ಇಪ್ಪ ವರ್ಬು, 'ಐ ಆಮ್ ಹ್ಯಾವಿಂಗ್ ಎ ಕೌ' ಎನ್ನಬಾರದು. ಆದರೆ ಊಟ ಮಾಡುತ್ತಾ ಕೂತವನು 'ಐ ಆಮ್ ಹ್ಯಾವಿಂಗ್ ಲಂಚ್' ಎಂದರೆ ಒಪ್ಪಬೇಕು, ಗೇಟಿನಿಂದ ತುತ್ತು ಕಾಣುತ್ತದಲ್ಲ. ಯೋಚಿಸುತ್ತಾ ಕೂತವನು 'ಐ ಆಮ್ ಥಿಂಕಿಂಗ್' ಎಂದರೂ ಸರಿಯೇ. 'ಟೇಸ್ಟ್' ಕೂಡ ಹಾಗೆಯೇ. ಸಾರು ರುಚಿಯಾಗಿರುವುದು ಒಂದು, ಅಡುಗೆಯವಳು ಸೌಟಿನಿಂದ ಅಂಗೈಗೆ ಹಾಕಿ ರುಚಿ ನೋಡುವುದು ಇನ್ನೊಂದು. ಇದನ್ನೆಲ್ಲ ಮೊದಲ ದಿನವೇ ಮಕ್ಕಳ ತಲೆಗೆ ಸುರಿಯಬೇಡ. ಮೊದಲು ಅವರು ನಗಲಿ.

ಆ ಮೇಲಿನ ವರ್ಷಗಳಲ್ಲಿ ನಾನು ಪಾಠವನ್ನು ಎರಡು ಮಾಡಿದೆ. ಮಳೆ ಕಡಿಮೆಯಾಗಿ ಅಂಗಳ ಒಣಗಿದ ಕೂಡಲೇ, ದಸರಾ ರಜೆಗೆ ಮೊದಲು, ಮಾಡುವ ವರ್ಬುಗಳು. ಓಟ, ಹಾರಾಟ, ಗಲಾಟೆ. ರಜೆ ಮುಗಿಸಿ ಬಂದ ಮೇಲೆ ಇಪ್ಪ ವರ್ಬುಗಳು. ಅವಕ್ಕೆ ಸ್ವಲ್ಪ ಸಮಾಧಾನ ಬೇಕು, ಕೂತುಕೊಂಡು ಮಾತಾಡಬೇಕು. ಹೀಗೆ ಎರಡು ಮಾಡಿದ್ದು ಪಾಠಕ್ಕೆ ಒಳ್ಳೆಯದೇ ಆಯಿತು. ನನಗೆ ಮಾತ್ರ ಅದು ಜೀವಮಾನದ ಕೊರಗು ತಂದಿಟ್ಟಿತು.

ಅದಕ್ಕೆ ಮೊದಲು ಒಂದು ಫಜೀತಿಯ ಕತೆ. ಒಂದು ಮಧ್ಯಾಹ್ನ ಮಾಡುವ ವರ್ಬುಗಳ ಸರದಿಯಲ್ಲಿ 'ಸ್ಲೀಪ್' ಬಂತು. ಎಲ್ಲರೂ ಮಲಗಿ ಎಂದೆ. ಊಟ ಮುಗಿಸಿ ಬಂದ ಮಕ್ಕಳು, ಕೇಳಬೇಕೇ? ಹೇಳಿದ ಮಾತನ್ನು ಅಷ್ಟು ಶ್ರದ್ಧೆಯಿಂದ ಅವರು ಮತ್ತೆಂದೂ ಪಾಲಿಸಲಿಲ್ಲ. ಕೆಲವರು ನಿಜವಾಗಿಯೇ ಗೊರಕೆ ಹೊಡೆದರು. ಸರಿಯಾಗಿ ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತಿದ್ದರು. ಹಿಂದೆ ನಮ್ಮ ಹೆಡ್‌ಮಾಸ್ತರು, ಮುಖ ಬಿಳಿಚಿಕೊಂಡು.

"ಏನಮ್ಮ ಇದು?"

"ಆ್ಯಕ್ಷನ್ ವರ್ಬ್ ಸರ್."

ಅವರು ಒಳಗೆ ಬಂದು, ಅಡ್ಡಡ್ಡ ಮಲಗಿದವರನ್ನು ದಾಟುತ್ತಾ ಕುರ್ಚಿಯ ತನಕ ಹೋಗಿ ಕೂತರು. "ನಿದ್ದೆ ಮಾಡೋದು ಆ್ಯಕ್ಷನ್ನಾ?"

"ಹೌದು ಸರ್. 'ಹೀ ಈಸ್ ಸ್ಲೀಪಿಂಗ್' ಅಂತ ಹೇಳಬಹುದು."

"ಹಾಗಾದ್ರೆ ನಮ್ಮ ಇಲಾಖೆಯಲ್ಲಿ ಭಾರೀ ಆ್ಯಕ್ಷನ್ ನಡೀತಾ ಇದೆ ಅಂತಾಯ್ತು" ಎಂದು ಹೇಳಿ, ನಗದೇ, ವರದಿಗೆ ಸಹಿ ಹಾಕಿ ಹೋದರು. ಅಂಥ ಮೇಲಧಿಕಾರಿಗಳು ಆಮೇಲೆ ಕಡಿಮೆಯಾದರು. ನಂತರ ಬಂದವರಿಗೆ ಮಕ್ಕಳ ಮುಖಕ್ಕಿಂತ ಶೇಕಡಾವಾರು ಫಲಿತಾಂಶ ಮುಖ್ಯವಾಗಿತ್ತು. ಅವರನ್ನೂ ದೂರುವುದಿಲ್ಲ, ಅವರ ಮೇಲೂ ಒಬ್ಬರು ಕೂತಿರುತ್ತಿದ್ದರು.

ಆ ದಿನ ಮಲಗಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಲಗಿದವನು ರತ್ನಾಕರ. ಯಡ್ತರೆಯವನೇ, ಗದ್ದೆ ಮಾಡುವ ಮನೆಯ ಹುಡುಗ. ಬರವಣಿಗೆ ಸಾಧಾರಣ, ಸ್ಪೆಲ್ಲಿಂಗ್ ದೇವರಿಗೇ ಪ್ರೀತಿ. ಆದರೆ ಅಂಗಳಕ್ಕೆ ಇಳಿದರೆ ಅವನಂಥವನು ಇಲ್ಲ. 'ಪೋರ್' ಎಂದರೆ ಸಾಕು, ಇಲ್ಲದ ಕೊಡದಿಂದ ಇಲ್ಲದ ಚೊಂಬಿಗೆ ನೀರು ಹೊಯ್ಯುತ್ತಿದ್ದ, ನಮಗೆ ಬಾಯಾರಿಕೆಯಾಗುವ ಹಾಗೆ. 'ಕ್ಯಾರಿ' ಎಂದರೆ ಹುಲ್ಲಿನ ಹೊರೆ ಹೊತ್ತು ಕುತ್ತಿಗೆ ಗಟ್ಟಿ ಮಾಡಿ ನಡೆಯುತ್ತಿದ್ದ. "ಅಂವ ನಿಜಕ್ಕೂ ಹೊತ್ಕಂಡಿದ್ದ ಮಾರಾಯ್ರೆ, ಇಳ್ಸುಕೆ ಹೇಳಿ" ಎಂದು ಶೀನಣ್ಣನೇ ಕೂಗಿದ್ದುಂಟು. ಪಾಠ ಮಾಡುವವರಿಗೆ ಇಂಥ ಒಂದು ಮಗು ಕ್ಲಾಸಿನಲ್ಲಿದ್ದರೆ ಸಾಕು, ಬೆಳಗ್ಗೆ ಬಸ್ಸು ಹತ್ತಲು ಮನಸ್ಸು ಬರುತ್ತದೆ.

ರಜೆ ಸುರುವಾಗುವ ಶನಿವಾರ, ಗೇಟಿನಿಂದ ಕಾಣದ ವರ್ಬುಗಳನ್ನು ರಜೆ ಮುಗಿದ ಮೇಲೆ ಹೇಳುತ್ತೇನೆ ಎಂದು ಕ್ಲಾಸು ಬಿಟ್ಟೆ. ಮಕ್ಕಳೆಲ್ಲ ಓಡಿದ ಮೇಲೆ ಅವನು ಗೇಟಿನ ಹತ್ತಿರ ನಿಂತು ಕೂಗಿದ. "ಟೀಚರ್, ಐ ಆಮ್ ಕಮಿಂಗ್!"

ಇದು ನಮ್ಮ ಕಡೆಯ ಎಲ್ಲ ಮಕ್ಕಳೂ ಮಾಡುವ ತಪ್ಪು. ಮನೆಯಿಂದ ಹೊರಡುವಾಗ 'ಬತ್ತೆ' ಎಂದೇ ಹೇಳಿ ರೂಢಿ. ಅದನ್ನೇ ಇಂಗ್ಲಿಷಿಗೆ ಹಾಕುತ್ತಿದ್ದರು.

"ಹೋಗುವಾಗ 'ಗೋಯಿಂಗ್' ಅನ್ಬೇಕು ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ?"

"ಹೋತೆ ಅಂದೇಳಿ ಹೇಳುಕಾಗ ಟೀಚರೇ, ಅಮ್ಮ ಬೈತ್ರ್" ಎಂದು ಹಲ್ಲು ಕಿರಿದು, ಮತ್ತೊಮ್ಮೆ "ಕಮಿಂಗ್!" ಎಂದು ಕೂಗಿ ಓಡಿದ.

ರಜೆ ಮುಗಿಯಿತು, ಅವನು ಬರಲಿಲ್ಲ. ವಾರ ಕಾದು ಅವನ ಮನೆಗೆ ಹೋದೆ. ಅವನ ತಾಯಿ ಗಿರಿಜಕ್ಕ ಅಂಗಳದಲ್ಲಿ ಭತ್ತ ಹರವುತ್ತಿದ್ದರು. ನನ್ನನ್ನು ಕಂಡದ್ದೇ ಕೈ ಒರೆಸಿಕೊಂಡು ಬೆಲ್ಲ ನೀರು ತಂದಿಟ್ಟರು.

"ಕೂಕಣಿ ಟೀಚರೇ. ನೀವ್ ಎಂತಕ್ಕ್ ಬಂದ್ರಿ ಅಂದೇಳಿ ಗೊತ್ತಿತ್. ನನ್ನ ಅಣ್ಣ ಬೊಂಬಾಯಿಂದ ಬಂದಿದ್ರ್, ರಜಿಯಗೆ ಊರ್ ಕಾಂಬುಕೆ ಅಂದೇಳಿ ಕರ್ಕಂಡ್ ಹೋದ್ರ್."

"ಶಾಲೆ ಶುರುವಾಯ್ತಲ್ಲ ಗಿರಿಜಕ್ಕ."

"ಅಣ್ಣನ ಹೋಟ್ಲಗೆ ಕೆಲ್ಸಕ್ಕ್ ಜನ ಇಲ್ಲ ಅಂಬ್ರ್. ದೀಪಾವಳಿ ಕಳ್ದ್ ಕಳ್ಸ್ತ್ರ್ ಅಂಬ್ರ್." ಅವರ ಕಣ್ಣು ಭತ್ತದ ಮೇಲೇ ಇತ್ತು. "ನಂಗೂ ಅಂವ ಇಲ್ಲೇ ಇರ್ಕ್ ಅಂದೇಳಿಯೇ ಆಸಿ ಟೀಚರೇ."

ದೀಪಾವಳಿ ಕಳೆಯಿತು. ನಾನು ಆ ಮನೆಗೆ ಮತ್ತೆ ಮತ್ತೆ ಹೋದೆ. ಒಮ್ಮೆ ಆ ಮಾವನೇ ಊರಿಗೆ ಬಂದವರು ಜಗಲಿಯಲ್ಲಿ ಕೂತಿದ್ದರು. ಒಳ್ಳೆಯ ಮನುಷ್ಯರೇ, ಮರ್ಯಾದೆಯಿಂದಲೇ ಮಾತಾಡಿದರು. "ಅವ್ನ ಇಂಗ್ಲಿಷಿನ ಚಿಂತಿ ಮಾಡ್ಬೇಡಿ ಟೀಚರೇ. ಕಪ್ಪ್ ತೊಳೂದ್ ಬಿಟ್ಟ್ ಈಗ ಟೇಬಲ್ಲಿಗೇ ಹೋತ. 'ವಾಟ್ ಯು ವಾಂಟ್' ಅಂದೇಳಿ ಗಿರಾಕಿಗಳ ಹತ್ರ ಕೇಂತ."

ನನಗೆ ಅಳು ಬಂತು. ವಾಂಟ್ ಎಂಬುದು ರಜೆಯ ನಂತರದ ಪಾಠದ ಶಬ್ದ. ಬೇರೆಯವರಿಗೆ ಎಂತ ಬೇಕು ಎಂದು ಕೇಳಲು ಅವನು ಕಲಿತಿದ್ದ. ಅವನಿಗೆ ಎಂತ ಬೇಕು ಎಂದು ಆ ಊರಲ್ಲಿ ಯಾರು ಕೇಳುತ್ತಾರೆ? ವಾಷ್, ವೈಪ್, ಕ್ಯಾರಿ, ಪೋರ್, ರನ್. ನಾನು ಕಟ್ಟಿಕೊಟ್ಟ ಬುತ್ತಿಯಲ್ಲಿ ಇದ್ದದ್ದು ಇವಷ್ಟೇ. ಅವನು ಇವನ್ನೇ ದಿನವಿಡೀ ಮಾಡುತ್ತಿರಬೇಕು ಎಂದುಕೊಂಡು ಕೋಣೆಗೆ ಬಂದು ಕಿಟಕಿಗೆ ಮುಖ ಕೊಟ್ಟು ಕೂತೆ.

ಆಮೇಲೆ ಪ್ರತಿ ವರ್ಷ ದಸರಾ ಮುಗಿದ ವಾರ ಇಪ್ಪ ವರ್ಬುಗಳನ್ನು ಸುರು ಮಾಡುವಾಗ ನನ್ನ ಕಣ್ಣು ತನ್ನಷ್ಟಕ್ಕೇ ಗೇಟಿನ ಕಡೆ ಹೋಗುತ್ತಿತ್ತು. ಅವನ ಓರಗೆಯವರೆಲ್ಲ ಹತ್ತನೇ ಕ್ಲಾಸು ದಾಟಿ ಹೋದ ಮೇಲೂ ಹೋಗುತ್ತಿತ್ತು. ಬೈಂದೂರು ಪೇಟೆಯಲ್ಲಿ ಗಿರಿಜಕ್ಕ ಸಿಕ್ಕಿದರೆ ನಾವು ಪರಸ್ಪರ ಕೇಳಿಕೊಳ್ಳುತ್ತಿದ್ದುದು ಒಂದೇ ಮಾತು. "ಬಂದ್ನಾ?" "ಬತ್ತ ಅಂಬ್ರ್." ಅಷ್ಟೇ. ಇಬ್ಬರೂ ತರಕಾರಿ ಚೀಲ ಹಿಡಿದುಕೊಂಡು ಬೇರೆಯಾಗುತ್ತಿದ್ದೆವು.

ಅವನು ಒಮ್ಮೆ ಬಂದಿದ್ದ. ತಂಗಿಯ ಮದುವೆಗೆ. ನಾನು ಆ ಭಾನುವಾರ ಬ್ರಹ್ಮಾವರಕ್ಕೆ, ತವರಿಗೆ ಹೋಗಿದ್ದೆ. ಸೋಮವಾರ ಶಾಲೆಗೆ ಹೋದರೆ ಶೀನಣ್ಣ ಗೇಟಿನಲ್ಲೇ ತಡೆದರು.

"ಹ್ವಾಯ್ ಟೀಚರೇ, ನಿನ್ನೆ ರತ್ನಾಕರ ಬಂದಿದ್ದ. ಗೇಟ್ ಹಾಕಿತ್, ನಾನ್ ಗಿಡಕ್ಕ್ ನೀರ್ ಹಾಕುಕೆ ಬಂದವ."

"ಎಂತ ಹೇಳಿದ?"

"ಎಂತ ಹೇಳ್ಲ."

"ಮತ್ತೆ ಎಂತ ಮಾಡಿದ?"

"ಎಂತ ಮಾಡ್ಲ. ಅಂಗಳ ಕಂಡ್ಕಂಡ್ ಸುಮ್ನೆ ನಿತ್ಕಂಡಿದ್ದ. ಗೇಟ್ ತೆಗಿತೆ ಬಾ ಅಂದೆ. ಬಸ್ಸಿಗೆ ಹೊತ್ತಾಯ್ತ್ ಅಂದೇಳಿ ಹೋದ."

ಅಷ್ಟು ಹೇಳಿ ಅವರು ಗಂಟೆ ಹೊಡೆಯಲು ಹೋದರು. ನಾನು ಹಾಜರಿ ಕರೆದೆ, ಪಾಠ ಮಾಡಿದೆ. ಆ ದಿನ ಯಾವ ಪಾಠ ಮಾಡಿದೆ ಎಂದು ಕೇಳಿದರೆ ಇವತ್ತಿಗೂ ನನಗೆ ನೆನಪಿಲ್ಲ.

ಅಷ್ಟರಲ್ಲಿ ನನಗೆ ವರ್ಗವಾಯಿತು. ಗುಲ್ವಾಡಿ ಹತ್ತಿರದ ಹೊಳೆಬದಿಯ ಶಾಲೆ. ಅಲ್ಲಿ ಶೀನಣ್ಣನಂಥವರು ಇರಲಿಲ್ಲ, ಗೇಟೂ ಇರಲಿಲ್ಲ. ಹಾಗಾಗಿ ಹೊಸ ದಾರಿ ಹುಡುಕಬೇಕಾಯಿತು. ಹುಡುಕಿದ್ದಲ್ಲ, ಒಂದು ಹುಡುಗಿ ಕೊಟ್ಟದ್ದು. "ಟೀಚರೇ, ಕನ್ನಡದಗೆ ಮಾಡುಕೆ 'ನಾನ್' ಬತ್ತ್, ಇಪ್ಪುಕೆ 'ನಂಗೆ' ಬತ್ತ್ ಅಲ್ದಾ?" ಎಂದಳು. ನಾನು ಚಾಕ್‌ಪೀಸ್ ಕೆಳಗಿಟ್ಟೆ. ಹೌದಲ್ಲ! ನಾನು ಓಡುತ್ತೇನೆ, ನಾನು ಬರೆಯುತ್ತೇನೆ. ಆದರೆ ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ. ಇಪ್ಪ ವರ್ಬುಗಳಲ್ಲಿ ನಾವು ಮಾಡುವವರಲ್ಲ, ನಮಗೆ ಅದು ಆಗುತ್ತದೆ. ಬಂದು ಕೂತುಬಿಡುತ್ತದೆ. ನಂಬುವುದು, ದ್ವೇಷಿಸುವುದು ಮುಂತಾದವು ಈ ಲೆಕ್ಕಕ್ಕೆ ಸಿಗುವುದಿಲ್ಲ, ಆದರೂ ಮಕ್ಕಳಿಗೆ ಹಿಡಿದುಕೊಳ್ಳಲು ಒಂದು ಊರುಗೋಲು ಸಿಕ್ಕಿದ ಹಾಗಾಯಿತು. ಅಶ್ವಿನಿ, ನಿನ್ನ ವಿಡಿಯೋ ನಿಲ್ಲಿಸಿ ಇದನ್ನೊಮ್ಮೆ ಮಾಡಿ ನೋಡು. ಮಕ್ಕಳಿಗೆ ಬರುವ ಭಾಷೆಯನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಡಿಸಿ ಇಂಗ್ಲಿಷ್ ಕಲಿಸಲು ಹೊರಟರೆ ಆಗುವ ಕೆಲಸವಲ್ಲ.

ತರಬೇತಿಗಳು ಬಂದವು, ಹೋದವು. ಒಂದು ವರ್ಷ ವ್ಯಾಕರಣವನ್ನೇ ಹೇಳಬೇಡಿ, ಮಾತಾಡಿಸಿ ಎಂದರು. ಮುಂದೆ ಚಟುವಟಿಕೆ ಮಾಡಿಸಿ, ಫೋಟೋ ಕಳಿಸಿ ಎಂದರು. ಫೋಟೋದಲ್ಲಿ ಮಾಡುವ ವರ್ಬುಗಳು ಚೆನ್ನಾಗಿ ಬರುತ್ತವೆ. ಹಾಗಾಗಿ ಎಲ್ಲ ಶಾಲೆಗಳೂ ಅವನ್ನೇ ಮಾಡಿಸಿದವು. ಇಪ್ಪ ವರ್ಬುಗಳ ಪಾಠದಲ್ಲಿ ಫೋಟೋ ಹಿಡಿಯಲು ಎಂತದೂ ಇರುವುದಿಲ್ಲ, ಒಂದಷ್ಟು ಮಕ್ಕಳು ಕೂತಿರುತ್ತಾರೆ, ಅಷ್ಟೇ. ನನ್ನ ಕೊನೆಯ ವರ್ಷಗಳು ಬ್ರಹ್ಮಾವರದ ಕಡೆಯೇ ಆದವು. ನಿವೃತ್ತಿಯ ದಿನ ಮಾತಾಡಲು ನಿಂತು, ಹೇಳಬೇಕಾದ್ದೆಲ್ಲ ಮರೆತು, "ಎಲ್ಲರಿಗೂ ಒಳ್ಳೇದಾಗಲಿ" ಎಂದು ಕೂತುಬಿಟ್ಟೆ. ಜನ ಅದನ್ನು ವಿನಯ ಎಂದು ತಿಳಿದು ಚಪ್ಪಾಳೆ ತಟ್ಟಿದರು.

ನಿವೃತ್ತಿ ಎಂದರೆ ಎಂತ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಬೆಳಗ್ಗೆ ಗಂಟೆ ಹೊಡೆಯುವ ಹೊತ್ತಿಗೆ ಕೈಗಳು ಸೀರೆಯ ಸೆರಗು ಸರಿ ಮಾಡುತ್ತವೆ. ಮನೆಯೆದುರಿನ ರಸ್ತೆಯಲ್ಲಿ ಶಾಲೆ ಮಕ್ಕಳು ಹೋಗುವಾಗ ಗೇಟಿನ ಹತ್ತಿರ ಸುಮ್ಮನೆ ನಿಲ್ಲುತ್ತೇನೆ. ಅವರಿಗೆ ನಾನು ಯಾರೋ ಒಬ್ಬ ಅಜ್ಜಿ. ನನಗೆ ಎಂಟನೇ ಕ್ಲಾಸು ಬೇಕು. ಇಷ್ಟು ವಯಸ್ಸಾದ ಮೇಲೆ ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ ಏನಿಲ್ಲ. ನನಗೆ ಆ ಗಲಾಟೆ ಬೇಕು, ಆ ಒದ್ದೆ ಕೊಡೆಗಳ ವಾಸನೆ ಬೇಕು, "ಟೀಚರೇ ಇಂವ ನನ್ನ ಪೆನ್ ಕದ್ದ" ಎಂಬ ದೂರು ಬೇಕು.

ಈಗ ಹೋದ ತಿಂಗಳ ಸಂಗತಿ. ದಸರಾ ಮುಗಿದ ವಾರ ತೆಕ್ಕಟ್ಟೆಯಲ್ಲಿ ನೆಂಟರ ಮನೆಗೆ ಹೋಗಿದ್ದೆ. ವಾಪಸು ಬರುವಾಗ ಬಿಸಿಲೋ ಬಿಸಿಲು, ಬಸ್ಸಿನ ಸುದ್ದಿಯಿಲ್ಲ. ಹೆದ್ದಾರಿ ಬದಿಯ ಒಂದು ಹೊಸ ಹೋಟೆಲಿಗೆ ಹೋಗಿ ಕೂತೆ. ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. ಚಾ ಹೇಳಿ ಎಷ್ಟೋ ಹೊತ್ತಾದರೂ ಬರಲಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ ಕೂಗುತ್ತಿದ್ದ ಸ್ವರ ಇನ್ನೂ ಸತ್ತಿಲ್ಲವಲ್ಲ, ಅದರಲ್ಲೇ ಕೇಳಿದೆ.

"ಹ್ವಾಯ್, ಚಾ ಇವತ್ತೇ ಬತ್ತಾ?"

ಪಕ್ಕದ ಟೇಬಲ್ ಒರೆಸುತ್ತಿದ್ದವನ ಕೈ ನಿಂತಿತು. ಕಿವಿಯ ಹತ್ತಿರ ಕೂದಲು ನರೆತ ಗಟ್ಟಿಮುಟ್ಟಾದ ಮನುಷ್ಯ. ಹೋಟೆಲಿನ ಯಜಮಾನ ಎಂದು ಇಸ್ತ್ರಿ ಮಾಡಿದ ಅಂಗಿಯಿಂದ ಗೊತ್ತಾಗುತ್ತಿತ್ತು, ಆದರೂ ಬಟ್ಟೆ ಹಿಡಿದು ತಾನೇ ಒರೆಸುತ್ತಿದ್ದ. ತಿರುಗಿ ನನ್ನನ್ನು ನೋಡಿದ. ನೋಡುತ್ತಲೇ ಇದ್ದ.

"ಬಾವಿಕಟ್ಟಿ ಹತ್ರ ಓಡ್ಬೇಡಿ ಅಂದೇಳಿ ಕೂಗ್ತಿದ್ದ ಸ್ವರ ಇದ್" ಎಂದ. "ಟೀಚರೇ."

ನನಗೆ ಮುಖದ ಗುರುತು ಸಿಗಲಿಲ್ಲ. ಅವನಿಗೆ ಅದು ತಿಳಿಯಿತು. ಬಟ್ಟೆ ಹೆಗಲಿಗೆ ಹಾಕಿ, ಇಲ್ಲದ ಕೊಡವೊಂದನ್ನು ಸೊಂಟದಿಂದ ಇಳಿಸಿ, ಇಲ್ಲದ ಚೊಂಬಿಗೆ ನೀರು ಹೊಯ್ದ.

ನಾನು ಎದ್ದು ನಿಂತೆ. ಬೈಯಬೇಕೆಂದು ಅಷ್ಟು ವರ್ಷದಿಂದ ಇಟ್ಟುಕೊಂಡದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಎಲ್ಲಿ ಹೋಗಿದ್ದೆಯೋ" ಎಂದಷ್ಟೇ ಆಯಿತು.

"ದಸರಾ ರಜಿಗ್ ಹೋಯಿದ್ದೆ ಟೀಚರೇ" ಎಂದ. ನಗಲು ನೋಡಿದ, ಆಗಲಿಲ್ಲ.

ಮಾವನ ಹೋಟೆಲು, ಆಮೇಲೆ ಬೇರೆಯವರ ಹೋಟೆಲು, ಆಮೇಲೆ ಪಾಲುದಾರಿಕೆಯಲ್ಲಿ ಒಂದು. ಹೋದ ವರ್ಷ ಅಲ್ಲಿಯದ್ದು ಬಿಟ್ಟು ಇಲ್ಲಿಗೆ ಬಂದನಂತೆ. ಗಿರಿಜಕ್ಕ ಮೊಮ್ಮಕ್ಕಳ ಜೊತೆ ಮನೆಯಲ್ಲಿದ್ದಾರಂತೆ, ಕಿವಿ ಸ್ವಲ್ಪ ಮಂದವಂತೆ. ಇಷ್ಟನ್ನೂ ಅವನು ನಿಂತುಕೊಂಡೇ ಹೇಳಿದ. ಹೇಳುತ್ತಾ ನನ್ನ ಚಾ ತರಿಸಿ ಎದುರಿಗಿಟ್ಟ, ಬಾಗಿಲಿಗೆ ಬಂದವರಿಗೆ ಕೈಸನ್ನೆಯಿಂದ ಜಾಗ ತೋರಿಸಿದ, ಸಪ್ಲಾಯರ್ ಮರೆತ ಚಟ್ನಿಯನ್ನು ಇನ್ನೊಂದು ಟೇಬಲಿಗೆ ತಾನೇ ತಂದಿಟ್ಟ. ಕ್ಯಾಶ್ ಕೌಂಟರಿನಲ್ಲಿದ್ದ ವಯಸ್ಸಾದವರು, "ನಮ್ಮ ಯಜಮಾನ್ರ್ ಕೂಕಂಡದ್ದನ್ನ ಕಂಡವ್ರಿಲ್ಲ ಅಮ್ಮ" ಎಂದರು.

"ಬ್ರಹ್ಮಾವರ ಎಷ್ಟು ದೂರ? ಬಂದು ಒಂದು ಮಾತು ಹೇಳ್ಬಾರ್ದಿತ್ತಾ?" ಎಂದೆ. ಈಗ ಸಿಟ್ಟು ಬಂದಿತ್ತು.

"ಅರ್ಧಕ್ಕೇ ಬಿಟ್ಟ್ ಹೋದವ. ಯಾವ ಮುಖ ಹೊತ್ಕಂಡ್ ಬಪ್ದ್ ಟೀಚರೇ? ಒಂದ್ಸಲ ಶಾಲಿ ಗೇಟ್ ತನಕ ಬಂದಿದ್ದೆ."

"ಗೊತ್ತುಂಟು. ಶೀನಣ್ಣ ಹೇಳಿದ್ರು."

"ಎಂತ ಹೇಳ್ರ್?"

"ಎಂತ ಮಾಡ್ಲ, ಸುಮ್ನೆ ನಿತ್ಕಂಡಿದ್ದ ಅಂದ್ರು."

ಅವನು ತಲೆ ತಗ್ಗಿಸಿದ. ಬಟ್ಟೆಯಿಂದ ಟೇಬಲಿನ ಒಂದೇ ಜಾಗವನ್ನು ಒರೆಸತೊಡಗಿದ. "ಅಲ್ಲಿ ಮೊದ್ಲನೇ ವರ್ಷ ಟೀಚರೇ, ಮೋರಿ ಹತ್ರ ಕೂಕಂಡ್ ಕಪ್ಪ್ ತೊಳಿತಿದ್ದೆ. ಗಿರಾಕಿ ಬಂದ್ ಕಂಡ್ರೂ, ಮಾವ ಬಂದ್ ಕಂಡ್ರೂ, ಹುಡ್ಗ ಕಪ್ಪ್ ತೊಳಿತಾ ಇದ್ದ, ಅಷ್ಟೇ. ನಂಗೆ ಮನಿ ನೆಂಪಾತಿತ್ತ್. ಅದ್ ಯಾರಿಗೂ ಕಾಂತಿರ್ಲ. ನೀವ್ ರಜಿ ಮುಗ್ದ್ ಹೇಳ್ತೆ ಅಂದ ವರ್ಬ್ ಇದೇ ಅಂದೇಳಿ ಆಗ ತಿಳೀತ್."

ನಾನು ಕಲಿಸದ ಪಾಠವನ್ನು ಆ ಮಗು ಮೋರಿಯ ಹತ್ತಿರ ಒಬ್ಬನೇ ಕೂತು ಕಲಿತಿತ್ತು. ಅವನು ಒರೆಸುತ್ತಲೇ ಇದ್ದ. ಆ ಕೈಯ ಮೇಲೆ ನನ್ನ ಕೈ ಇಟ್ಟೆ.

"ಇಷ್ಟು ವರ್ಷ ಎಲ್ಲರಿಗೂ ಎಂತ ಬೇಕು ಅಂತ ಕೇಳಿದ್ಯಲ್ಲ. ನಿಂಗೆ ಎಂತ ಬೇಕು ಮಗಾ?"

ಅವನು ಬಟ್ಟೆಯನ್ನು ಟೇಬಲಿನ ತುದಿಗಿಟ್ಟ. ನನ್ನೆದುರಿನ ಕುರ್ಚಿ ಎಳೆದು ಕೂತ. ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಬೆಂಚಿನ ಮೇಲೆ ಕೂರುತ್ತಿದ್ದ ಹಾಗೆಯೇ ಕೂತ.

"ಉಳ್ದ ಅರ್ಧ ಹೇಳಿ ಟೀಚರೇ."

ಅಶ್ವಿನಿ, ಆ ದಿನ ನಾನು ಎಂತ ಹೇಳಿದೆ ಎಂದು ನಿನಗೆ ಬರೆಯಬಲ್ಲೆ. ನೋ, ವಾಂಟ್, ಲವ್, ರಿಮೆಂಬರ್, ಬಿಲಾಂಗ್ ಎಂದು ಒಂದೊಂದೇ ಹೇಳುತ್ತಾ ಹೋದೆ. ಅವನು ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದ. ಬಿಲಾಂಗ್ ಎಂಬಲ್ಲಿಗೆ ಪಾಠ ಮುಗಿಯಿತು. ಹೊರಗೆ ನನ್ನ ಬಸ್ಸು ಬಂತು, ಹೋಯಿತು. ಚಾ ಆರಿ ಕೆನೆಗಟ್ಟಿತು. ನಾವು ಇಬ್ಬರೂ ಎದುರುಬದುರು ಕೂತೇ ಇದ್ದೆವು, ಕಣ್ಣು ಒರೆಸಿಕೊಳ್ಳಲೂ ಕೈ ಎತ್ತದೆ.

ಕೌಂಟರಿನಲ್ಲಿ ಫೋನ್ ಹೊಡೆಯಿತು. ಯಾರೋ ಯಜಮಾನನನ್ನು ಕೇಳುತ್ತಿದ್ದರು. ಕ್ಯಾಶಿ‌ನವರು ಫೋನನ್ನು ಕಿವಿಗಿಟ್ಟುಕೊಂಡೇ ನಮ್ಮ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಇಲ್ಲೇ ಇದ್ರ್," ಎಂದರು. "ಎಂತ ಮಾಡ್ತಿಲ್ಲ. ಸುಮ್ನೆ ಕೂಕಂಡಿದ್ರ್."